ಡಿಸೆಂಬರ್ 9ರ ಆ 194 ಹೆಸರುಗಳನ್ನು ನಮಗೆ ಕೊಡಿ: ಒಂದು ಬಹಿರಂಗ ಪತ್ರ

ಇವರಿಗೆ:
ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಕರ್ನಾಟಕ ಸರ್ಕಾರ
ಕದಂಬ ನೌಕಾನೆಲೆಯ ಅಧಿಕಾರಿಗಳು, ಕಾರವಾರ
ಜತೆಗೆ, ಸಂಜೆ ಹೊತ್ತು ಟಾಗೋರ್ ಬೀಚಿಗೆ ತಿರುಗಾಡಲು ಬರುವ ಎಲ್ಲರಿಗೂ

ನಮಸ್ಕಾರ. 1971ರ ಯುದ್ಧದಲ್ಲಿ ಮುಳುಗಿದ ಐಎನ್‌ಎಸ್ ಖುಕ್ರಿ ಎಂಬ ನಮ್ಮ ಯುದ್ಧನೌಕೆಯ ಜತೆ ಹೋದವರ ಹೆಸರುಗಳಿಗಾಗಿ ಈ ಪತ್ರ.

ನನ್ನದು ಹೆಸರು ಟೈಪ್ ಮಾಡುವ ಕಸುಬು. ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ವೈಕುಂಠ ಸಮಾರಾಧನೆಯ ಕಾಗದ, ಶಾಲೆಯ ಬಹುಮಾನ ಪತ್ರ, ದೇವಸ್ಥಾನದ ದಾನಿಗಳ ಪಟ್ಟಿ, ಇಂಥವೇ. ಈ ಕೆಲಸದಲ್ಲಿ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಕಾಗದದಲ್ಲಿ ಮುಹೂರ್ತದ ಗಂಟೆ ತಪ್ಪಾದರೆ ಜನ ಪೆನ್ನಿನಲ್ಲಿ ತಿದ್ದಿ ಹಂಚುತ್ತಾರೆ. ಸೋದರಮಾವನ ಹೆಸರು ಬಿಟ್ಟುಹೋದರೆ ಮಾತ್ರ ಅಷ್ಟೂ ಕಾಗದವನ್ನು ಒಲೆಗೆ ಹಾಕಿ ಹೊಸದಾಗಿ ಮಾಡಿಸುತ್ತಾರೆ. ದುಡ್ಡಿನ ಮಾತೇ ಎತ್ತುವುದಿಲ್ಲ. ಹೆಸರು ಬಿಟ್ಟರು ಅಂದರೆ ಆ ಮನುಷ್ಯನನ್ನೇ ಬಿಟ್ಟರು ಅಂತ ಲೆಕ್ಕ.

ಇಂಥ ಕಸುಬಿನವನು ಡಿಸೆಂಬರ್ ತಿಂಗಳ ಕ್ಯಾಲೆಂಡರ್ ನೋಡಿದರೆ ಏನು ಕಾಣುತ್ತದೆ ಹೇಳುತ್ತೇನೆ. ಡಿಸೆಂಬರ್ 4, ನೌಕಾಪಡೆ ದಿನ. 1971ರಲ್ಲಿ ಅವತ್ತು ರಾತ್ರಿ ನಮ್ಮ ಮೂರು ಕ್ಷಿಪಣಿ ದೋಣಿಗಳು, ನಿಪಾತ್, ನಿರ್ಘಾತ್, ವೀರ್, ಕರಾಚಿಯ ಹತ್ತಿರಕ್ಕೇ ನುಗ್ಗಿ ಹೊಡೆದವು. ಡಿಸೆಂಬರ್ 16, ವಿಜಯ ದಿವಸ. ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾದ ದಿನ. ಎರಡಕ್ಕೂ ಹಾರ, ಭಾಷಣ, ಪೇಪರಿನಲ್ಲಿ ಪುಟಗಟ್ಟಲೆ ಜಾಹೀರಾತು. ನಡುವೆ 9 ಇದೆ. ಅದು ಬರುತ್ತದೆ, ಹೋಗುತ್ತದೆ.

ಆ 9ರ ರಾತ್ರಿ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು. ಒಟ್ಟು 194 ಜನ. ಸ್ವತಂತ್ರ ಭಾರತ ಯುದ್ಧದಲ್ಲಿ ಕಳೆದುಕೊಂಡ ಒಂದೇ ಒಂದು ಯುದ್ಧನೌಕೆ ಅದು.

ನಡೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ಅಂಗಡಿಗೆ ಬರುವ ಕಾಲೇಜು ಹುಡುಗರಿಗೆ ಇದು ಗೊತ್ತಿಲ್ಲ. ಅವರದ್ದು ತಪ್ಪೂ ಅಲ್ಲ. ಗುಜರಾತಿನ ಕರಾವಳಿಯ ಆಚೆ ಒಂದು ಪಾಕಿಸ್ತಾನಿ ಜಲಾಂತರ್ಗಾಮಿ ಸುಳಿದಾಡುತ್ತಿರುವುದು ಅದರ ರೇಡಿಯೊ ಸಂದೇಶದಿಂದ ನಮ್ಮವರಿಗೆ ಗೊತ್ತಾಯಿತು. ಅದನ್ನು ಹುಡುಕಲು ಮುಂಬೈಯಿಂದ ಖುಕ್ರಿ ಮತ್ತು ಕಿರ್ಪಾಣ್ ಎಂಬ ಇನ್ನೊಂದು ಯುದ್ಧನೌಕೆ ಹೋದವು. ಖುಕ್ರಿ ಬ್ರಿಟನ್ನಿನಲ್ಲಿ ಕಟ್ಟಿದ ಹಗುರ ಹಡಗು, 1958ರಿಂದ ಸೇವೆಯಲ್ಲಿತ್ತು. ಎದುರಿಗಿದ್ದದ್ದು ಹಂಗೋರ್, ಫ್ರಾನ್ಸಿನಿಂದ ತಂದ ಹೊಸ ಡಾಫ್ನೆ ಮಾದರಿಯ ಜಲಾಂತರ್ಗಾಮಿ. ಅದರ ಕಿವಿ ಚುರುಕು. ನೀರಿನೊಳಗಿನ ಸದ್ದು ಹಿಡಿಯುವ ನಮ್ಮ ಸೋನಾರ್‌ಗೆ ಅದು ಕೇಳಿಸುವ ಮೊದಲೇ ಅದಕ್ಕೆ ನಮ್ಮ ಹಡಗು ಕೇಳಿಸುತ್ತಿತ್ತು. ಬೇಟೆಗೆ ಹೊರಟವರೇ ಬೇಟೆಯಾದರು. ದಿಯುವಿನಿಂದ ಸುಮಾರು 40 ನಾಟಿಕಲ್ ಮೈಲಿ ದೂರ, ರಾತ್ರಿ ಹೆಚ್ಚುಕಡಿಮೆ ಒಂಬತ್ತರ ಹೊತ್ತು. ಹಂಗೋರ್ ಬಿಟ್ಟ ಮೊದಲ ಟಾರ್ಪಿಡೊ, ಅಂದರೆ ನೀರೊಳಗೆ ಓಡುವ ಸಿಡಿಗುಂಡು, ಕಿರ್ಪಾಣ್ ಕೆಳಗೆ ಹಾದುಹೋಯಿತು, ಸಿಡಿಯಲಿಲ್ಲ. ಎರಡನೆಯದು ಖುಕ್ರಿಗೆ ಬಿತ್ತು. ಕೆಲವೇ ನಿಮಿಷ, ಅಷ್ಟೇ. ಕೆಳಗಿನ ಅಂತಸ್ತಿನಲ್ಲಿದ್ದವರಿಗೆ ಏಣಿ ಹತ್ತುವಷ್ಟು ಸಮಯವೂ ಸಿಗಲಿಲ್ಲ. ಬದುಕಿ ಬಂದವರು 67 ಜನ.

ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಲೈಫ್ ಜಾಕೆಟನ್ನು ಒಬ್ಬ ನಾವಿಕನಿಗೆ ಕೊಟ್ಟರು. ಕೈಗೆ ಸಿಕ್ಕವರನ್ನೆಲ್ಲ ನೀರಿಗೆ ದಬ್ಬಿ ಉಳಿಸಲು ನೋಡಿದರು. ತಾವು ಹಡಗಿನ ಜತೆಗೇ ಹೋದರು. ಮರಣೋತ್ತರ ಮಹಾವೀರ ಚಕ್ರ ಬಂತು. ಮುಂಬೈನ ಕೊಲಾಬಾದಲ್ಲಿ ಅವರ ಹೆಸರಿನ ಸಭಾಂಗಣವಿದೆ. ಡಿಸೆಂಬರ್‌ನಲ್ಲಿ ಯಾರಾದರೂ ಖುಕ್ರಿ ಬಗ್ಗೆ ಬರೆದರೆ ಅವರ ಫೋಟೊ ಹಾಕುತ್ತಾರೆ. ಹಾಕಲೇಬೇಕು. ಅದರಲ್ಲಿ ನನಗೆ ಎಳ್ಳಷ್ಟೂ ತಕರಾರಿಲ್ಲ.

ಆದರೆ ಆ ಲೈಫ್ ಜಾಕೆಟ್ ಪಡೆದ ನಾವಿಕನ ಹೆಸರು? ಕೆಳಗೆ ಬಾಯ್ಲರ್ ಹತ್ತಿರ ಇದ್ದವರ ಹೆಸರು? ಆ ರಾತ್ರಿ ಅಡುಗೆ ಮಾಡಿದವನ ಹೆಸರು? ನಾವು ಹೇಳುವ ಕಥೆಯಲ್ಲಿ ಅವರೆಲ್ಲ ‘ಮತ್ತು 176 ನಾವಿಕರು’. ಮದುವೆ ಕಾಗದದಲ್ಲಿ ‘ಮತ್ತು ಬಂಧುಮಿತ್ರರು’ ಅಂತ ಹಾಕುತ್ತೇವಲ್ಲ, ಹಾಗೆ.

ಅವರ ಹೆಸರು ಎಲ್ಲೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ದೆಹಲಿಯಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗ್ರಾನೈಟ್ ಇಟ್ಟಿಗೆಗಳ ಮೇಲೆ ಸ್ವಾತಂತ್ರ್ಯದ ನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ದೊಡ್ಡ ಕೆಲಸ ಅದು. ಆದರೆ ಅಷ್ಟು ಹೆಸರುಗಳ ನಡುವೆ ಒಂದು ಹಡಗಿನವರನ್ನು ಒಟ್ಟಿಗೆ ಓದಿಕೊಳ್ಳಲು ಆಗುವುದಿಲ್ಲ. ಒಟ್ಟಿಗೆ ಸತ್ತವರನ್ನು ಒಟ್ಟಿಗೆ ನೆನೆಯಬೇಕು ಅಲ್ವಾ? ಅದೂ ಅಲ್ಲದೆ ದೆಹಲಿ ದೂರ. ಅಂಕೋಲೆಯ ಅಜ್ಜಿ ಅಲ್ಲಿಗೆ ಹೋಗಿ ಇಂಗ್ಲಿಷಿನಲ್ಲಿ ಕೆತ್ತಿದ ಹೆಸರು ಹುಡುಕುವುದು ಆಗುಹೋಗುವ ಮಾತಲ್ಲ.

ನಾನು ದಿಯುವಿಗೆ ಹೋಗಿದ್ದೆ. ಸೋಮನಾಥಕ್ಕೆ ಹೊರಟಿದ್ದ ನೆಂಟರ ಜತೆ, ಹಾಗೇ ಸುಮ್ನೆ. ಚಕ್ರತೀರ್ಥ ಬೀಚಿನ ಪಕ್ಕದ ಗುಡ್ಡದ ಮೇಲೆ ಖುಕ್ರಿ ಸ್ಮಾರಕವಿದೆ. ಗಾಜಿನ ಮನೆಯೊಳಗೆ ಹಡಗಿನ ಒಂದು ಮಾದರಿ. ಅದನ್ನು ಕಟ್ಟಿದ್ದು 1999ರಲ್ಲಿ, ಹಡಗು ಮುಳುಗಿ 28 ವರ್ಷ ಆದ ಮೇಲೆ. ಗಾಜಿಗೆ ಮುಖ ಒತ್ತಿ ನೋಡಿದರೆ ಒಳಗೆ ಬೂದು ಬಣ್ಣದ ಹಡಗು, ಆಚೆ ಬದಿಯ ಗಾಜಿನಲ್ಲಿ ನಿಜವಾದ ಸಮುದ್ರ. ಮಾದರಿಯ ಹಡಗು ಆ ಸಮುದ್ರದ ಮೇಲೇ ನಿಂತ ಹಾಗೆ ಕಾಣುತ್ತದೆ. ಸ್ವಲ್ಪ ತಲೆ ಅಲ್ಲಾಡಿಸಿದರೆ ಸಾಕು, ಗೆರೆ ತಪ್ಪಿ ನೀರಿನ ಕೆಳಗೆ ಇಳಿದ ಹಾಗೆ ಕಾಣುತ್ತದೆ. ನಾನು ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಅದೇ ಊರಿನಲ್ಲಿ ಇನ್ನೊಂದು ಖುಕ್ರಿಯೂ ಇದೆ. 1989ರಲ್ಲಿ ನೌಕಾಪಡೆ ಹೊಸ ಹಡಗಿಗೆ ಅದೇ ಹೆಸರಿಟ್ಟಿತು. 32 ವರ್ಷ ದುಡಿದು 2021ರ ಡಿಸೆಂಬರ್‌ನಲ್ಲಿ ನಿವೃತ್ತವಾದ ಮೇಲೆ ಅದನ್ನು ದಿಯುವಿಗೆ ಕೊಟ್ಟರು, ಈಗ ಅದು ಮ್ಯೂಸಿಯಂ. ಅಲ್ಲಿ ಸಾಲಿನಲ್ಲಿ ನನ್ನ ಮುಂದಿದ್ದ ಹುಡುಗ ಅಪ್ಪನನ್ನು ಕೇಳಿದ: ಮುಳುಗಿದ್ದು ಇದೇ ಹಡಗಾ? ಅಪ್ಪ ಹೌದು ಅಂದರು. ನಾನು ಬಾಯಿ ಹಾಕಬೇಕು ಅಂದುಕೊಂಡೆ, ಹಾಕಲಿಲ್ಲ. ಮುಳುಗಿದ ಹಡಗು ಇನ್ನೂ ಅಲ್ಲೇ ಕೆಳಗಿದೆ. ಅದರೊಳಗಿನವರೂ.

ಸಮುದ್ರದಲ್ಲಿ ಸತ್ತವರ ಕಷ್ಟ ಇದೇ. ಹೆಣ ಇಲ್ಲ, ಚಿತೆ ಇಲ್ಲ, ಗೋರಿ ಇಲ್ಲ. ಹೋಗಿ ಒಂದು ಹೂ ಇಟ್ಟು ಬರೋಣ ಅಂದರೆ ಜಾಗ ಇಲ್ಲ. ಉಳಿಯುವುದು ಹೆಸರು ಮಾತ್ರ.

ಹೆಸರಿನ ವಿಷಯದಲ್ಲಿ ನಮ್ಮ ನೆಲದವರು ಒಂದು ಕಾಲಕ್ಕೆ ಬಹಳ ಕಟ್ಟುನಿಟ್ಟಾಗಿದ್ದರು. ವೀರಗಲ್ಲು ನೋಡಿಲ್ಲದ ಕನ್ನಡಿಗ ಉಂಟಾ? ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ರಾಜನಿಗೆ ಮಾತ್ರ ಅಲ್ಲ, ದನ ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು, ಊರು ಕಾಯಲು ಹೋಗಿ ಸತ್ತವನಿಗೂ ಕಲ್ಲು. ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವುದೇ ಬೇಗೂರಿನ ಒಂದು ವೀರಗಲ್ಲಿನಲ್ಲಿ, ಸುಮಾರು 890ರದ್ದು. ಬೆಂಗುಳೂರು ಕಾಳಗದಲ್ಲಿ ಸತ್ತವರ ನೆನಪಿಗೆ ನೆಟ್ಟ ಕಲ್ಲು ಅದು. ಇವತ್ತಿನ ಐಟಿ ನಗರದ ಮೊದಲ ದಾಖಲೆ ಒಂದು ಮರಣಪತ್ರ ಅಂದ ಹಾಗಾಯಿತು.

ಮಂಡ್ಯ ಕಡೆಯ ಆತಕೂರಿನ ಶಾಸನವಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಹತ್ತನೇ ಶತಮಾನದ್ದು. ಗಂಗರ ಬೂತುಗನ ಕಡೆಯ ಮಣಲೇರ ಎಂಬ ವೀರ ಬಹುಮಾನವಾಗಿ ಏನು ಬೇಕು ಅಂದಾಗ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಕಾಡುಹಂದಿಯ ಜತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಕಾಳಿಗೆ ಕಲ್ಲು ನೆಟ್ಟರು, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ಸತ್ತ ನಾಯಿಯ ಹೆಸರು ನಮಗೆ ಗೊತ್ತು. 1971ರಲ್ಲಿ ಸತ್ತ ಸ್ಟೋಕರ್, ಅಂದರೆ ಬಾಯ್ಲರ್ ನೋಡಿಕೊಳ್ಳುವವನ ಹೆಸರು ಗೊತ್ತಿಲ್ಲ. ಇದನ್ನು ಬರೆಯುವಾಗ ನನಗೇ ಕಸಿವಿಸಿ ಆಗುತ್ತದೆ.

ಹಡಗಿನ ಕಾಳಗಕ್ಕೂ ವೀರಗಲ್ಲುಗಳಿವೆ. ಮುಂಬೈನ ಬೋರಿವಲಿ ಹತ್ತಿರದ ಎಕ್ಸರ್‌ನಲ್ಲಿ ಇರುವ ಕಲ್ಲುಗಳ ಮೇಲೆ ಹುಟ್ಟು ಹಾಕುವವರ ಸಾಲು ಸಮೇತ ಹಡಗುಗಳನ್ನು ಕೆತ್ತಿದ್ದಾರೆ. ಗೋವೆಯ ಕದಂಬರ ಕಾಲದ ಹಡಗಿನ ವೀರಗಲ್ಲು ಹಳೇ ಗೋವೆಯ ಮ್ಯೂಸಿಯಂನಲ್ಲಿದೆ. ಕಾರವಾರದ ನೌಕಾನೆಲೆಗೆ 2005ರಲ್ಲಿ ಕದಂಬ ಅಂತ ಹೆಸರಿಟ್ಟಿರಿ. ಆ ಹೆಸರಿನ ಜತೆ ಈ ಅಭ್ಯಾಸವೂ ಬಂದಿದ್ದರೆ ಚೆನ್ನಾಗಿತ್ತು.

ಇನ್ನು ಹೊರಗಿನವರ ಕಥೆ. ನಮಗಿಂತ ಅವರು ಮೇಲು ಅಂತ ಹೇಳಲು ಅಲ್ಲ, ಹೆಸರಿಗಾಗಿ ಎಷ್ಟು ದೂರ ಹೋಗಬಹುದು ಅಂತ ತೋರಿಸಲು. 1941ರ ಡಿಸೆಂಬರ್ 7, ಭಾನುವಾರ ಬೆಳಿಗ್ಗೆ ಜಪಾನಿನ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ಬಿದ್ದವಲ್ಲ, ಅದರಲ್ಲಿ ಅರಿಝೋನಾ ಎಂಬ ಒಂದೇ ಹಡಗಿನಲ್ಲಿ 1,177 ಜನ ಸತ್ತರು. ಮುಳುಗಿದ ಹಡಗಿನ ಮೇಲೆಯೇ ಸ್ಮಾರಕ ಕಟ್ಟಿ ಗೋಡೆಯ ಮೇಲೆ ಅಷ್ಟೂ ಹೆಸರು ಕೆತ್ತಿದ್ದಾರೆ. ಅವತ್ತು ಬದುಕುಳಿದು ಮುಂದೆ ಮುದುಕರಾಗಿ ತೀರಿಕೊಂಡ ಕೆಲವರು ತಮ್ಮ ಬೂದಿಯನ್ನು ಅದೇ ಹಡಗಿನೊಳಗೆ ಇಡಿಸಿಕೊಂಡಿದ್ದಾರೆ, ಗೆಳೆಯರ ಪಕ್ಕದಲ್ಲಿ.

ಒಕ್ಲಹೋಮಾ ಹಡಗಿನ ಕಥೆ ನನಗೆ ಇನ್ನೂ ದೊಡ್ಡದು ಅನ್ನಿಸುತ್ತದೆ. ಅದರಲ್ಲಿ 429 ಜನ ಸತ್ತರು. ಬಹಳಷ್ಟು ಜನರ ಗುರುತೇ ಸಿಗಲಿಲ್ಲ. ಎಲುಬುಗಳೆಲ್ಲ ಕಲಸಿಹೋಗಿ ಹೊನೊಲುಲುವಿನ ಸ್ಮಶಾನದಲ್ಲಿ ‘ಅಪರಿಚಿತ’ ಎಂಬ ಕಲ್ಲಿನ ಕೆಳಗೆ ಮಲಗಿದ್ದರು. 2015ರಲ್ಲಿ ಆ ಗೋರಿಗಳನ್ನು ತೆಗೆಸಿದರು. ಬಂಧುಗಳ ಡಿಎನ್‌ಎ ಜತೆ, ಹಳೆಯ ಹಲ್ಲಿನ ದಾಖಲೆ ಜತೆ ಹೋಲಿಸುತ್ತಾ ಕೂತರು. 350ಕ್ಕೂ ಹೆಚ್ಚು ಜನರಿಗೆ ಹೆಸರು ವಾಪಸ್ ಬಂತು. ಎಂಬತ್ತು ವರ್ಷ ಆಗುವ ಹೊತ್ತಿಗೆ! ತಂದೆತಾಯಿ, ಹೆಂಡತಿ ಯಾರೂ ಉಳಿದಿರಲಿಕ್ಕಿಲ್ಲ. ಆದರೂ ಮಾಡಿದರು. ಗುರುತು ಸಿಗದೇ ಉಳಿದವರನ್ನು 2021ರ ಡಿಸೆಂಬರ್ 7ರಂದು ಮತ್ತೆ ಮಣ್ಣು ಮಾಡಿದರು.

ಅಲ್ಲೂ ಎಲ್ಲ ಹೆಸರಿಗೂ ಒಂದೇ ಮರ್ಯಾದೆ ಇರಲಿಲ್ಲ ಅನ್ನಿ. ಡೋರಿಸ್ ಮಿಲ್ಲರ್ ಅಂತ ಒಬ್ಬರು, ವೆಸ್ಟ್ ವರ್ಜೀನಿಯಾ ಹಡಗಿನ ಊಟದ ಮನೆಯ ಸಹಾಯಕ. ಕಪ್ಪು ಜನರಿಗೆ ಆಗ ಕೊಡುತ್ತಿದ್ದದ್ದು ಬಡಿಸುವ, ಬಟ್ಟೆ ಒಗೆಸುವ ಕೆಲಸ. ದಾಳಿ ಶುರುವಾದಾಗ ಅವರು ಒಗೆಯುವ ಬಟ್ಟೆ ಒಟ್ಟು ಮಾಡುತ್ತಿದ್ದರು. ಗಾಯಗೊಂಡ ಕ್ಯಾಪ್ಟನ್‌ನನ್ನು ಸರಿಸಲು ನೆರವಾದರು, ಆಮೇಲೆ ಯಾರೂ ಕಲಿಸದ ಮೆಷಿನ್ ಗನ್ ಹಿಡಿದು ವಿಮಾನಗಳತ್ತ ಗುಂಡು ಹಾರಿಸಿದರು. ನೌಕಾಪಡೆ ಮೊದಲು ಹೊಗಳಿದಾಗ ಅವರ ಹೆಸರೇ ಹಾಕಲಿಲ್ಲ, ‘ಒಬ್ಬ ನೀಗ್ರೊ’ ಅಂತಷ್ಟೇ ಬಂತು. ಜನ ಬಿಡಲಿಲ್ಲ. ಕೆಲವು ತಿಂಗಳಲ್ಲಿ ಹೆಸರು ಹೊರಬಿತ್ತು, ನೇವಿ ಕ್ರಾಸ್ ಪದಕ ಬಂತು. 1943ರಲ್ಲಿ ಬೇರೆ ಹಡಗಿನಲ್ಲಿದ್ದಾಗ ಜಪಾನಿ ಟಾರ್ಪಿಡೊಗೆ ಸತ್ತರು. ಈಗ ಒಂದು ವಿಮಾನವಾಹಕ ಹಡಗಿಗೇ ಅವರ ಹೆಸರಿಡುತ್ತಿದ್ದಾರೆ. ಆ ಜಾತಿಯ ಹಡಗಿಗೆ ಅಧ್ಯಕ್ಷರ ಹೆಸರಿಡುವುದೇ ಜಾಸ್ತಿ. ಅಲ್ಲಿಗೆ ಅಡುಗೆಮನೆಯ ಹುಡುಗನ ಹೆಸರು ಬಂದು ಕೂತಿದೆ.

ಈಗ ನನ್ನ ಬೇಡಿಕೆ.

ಖುಕ್ರಿಯ ಆ 194 ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಪ್ರಕಟಿಸಿ. ಬರೀ ಹೆಸರಲ್ಲ. ಹೆಸರು, ಹಡಗಿನಲ್ಲಿ ಮಾಡುತ್ತಿದ್ದ ಕೆಲಸ, ವಯಸ್ಸು, ಊರು. ಕರ್ನಾಟಕದವರದ್ದು ಮಾತ್ರ ಸಾಕು ಅಂತ ದಯವಿಟ್ಟು ಹೇಳಬೇಡಿ. ಹಡಗಿನಲ್ಲಿ ಜಿಲ್ಲಾವಾರು ಸೀಟು ಇರುವುದಿಲ್ಲ. ಪಂಜಾಬಿನವನೂ ಕೇರಳದವನೂ ಒಂದೇ ಏಣಿಗೆ ಕೈ ಹಾಕಿದವರು. ನೌಕಾಪಡೆಯ ದಾಖಲೆಯಲ್ಲಿ ಇದೆಲ್ಲ ಇದ್ದೇ ಇರುತ್ತದೆ, ಪಿಂಚಣಿ ಹೋಗಿದೆಯಲ್ಲ. ಟೈಪ್ ಮಾಡುವವರು ಇಲ್ಲ ಅಂದರೆ ನಾನಿದ್ದೇನೆ. ದುಡ್ಡು ಬೇಡ.

ಆಮೇಲೆ, ಪ್ರತಿ ವರ್ಷ ಡಿಸೆಂಬರ್ 9ರ ಸಂಜೆ ಟಾಗೋರ್ ಬೀಚಿನಲ್ಲಿ, ಮ್ಯೂಸಿಯಂ ಆಗಿ ನಿಂತಿರುವ ಚಾಪೆಲ್ ಯುದ್ಧನೌಕೆಯ ಪಕ್ಕದಲ್ಲಿ, ಅವನ್ನು ಓದಿ. ಚಾಪೆಲ್ ಯಾಕೆಂದರೆ ಅದು ಕರಾಚಿಗೆ ಹೋದ ದೋಣಿಗಳ ಜಾತಿಯದ್ದೇ, ಊರಿನ ಮಕ್ಕಳೆಲ್ಲ ಅದರೊಳಗೆ ಹತ್ತಿ ಇಳಿದವರೇ. ನಾನು ಗಡಿಯಾರ ಹಿಡಿದು ಲೆಕ್ಕ ಹಾಕಿದ್ದೇನೆ. ಒಂದು ಹೆಸರು, ಕೆಲಸ, ಊರು ಓದಲು ಆರು ಸೆಕೆಂಡ್. 194ಕ್ಕೆ ಇಪ್ಪತ್ತು ನಿಮಿಷವೂ ಆಗುವುದಿಲ್ಲ. ಸ್ವಾಗತ ಭಾಷಣಕ್ಕಿಂತ ಕಡಿಮೆ.

ಭಾಷಣ ಅಂದಾಗ ನೆನಪಾಯಿತು. ಕಲ್ಲು ನೆಡುವುದಾದರೆ ಒಂದು ವಿನಂತಿ. ಉದ್ಘಾಟನೆಯ ಕಲ್ಲುಗಳ ಅಕ್ಷರ ನಾನೇ ಜೋಡಿಸಿಕೊಟ್ಟಿದ್ದೇನೆ, ಹಾಗಾಗಿ ಗೊತ್ತು. ಅನಾವರಣ ಮಾಡುವವರ ಹೆಸರಿಗೆ ದೊಡ್ಡ ಅಕ್ಷರ, ಅಧ್ಯಕ್ಷತೆ ವಹಿಸುವವರಿಗೆ ಅದಕ್ಕಿಂತ ಸ್ವಲ್ಪ ಸಣ್ಣದು, ಘನ ಉಪಸ್ಥಿತಿ ಅಂತ ಹನ್ನೆರಡು ಜನ. ಯಾರಿಗಾಗಿ ಕಲ್ಲು ನೆಟ್ಟರೋ ಅವರ ಹೆಸರಿಗೆ ಜಾಗ ಸಾಲುವುದಿಲ್ಲ. ಈ ಕಲ್ಲಿನ ಮೇಲೆ ಬದುಕಿರುವವರ ಹೆಸರು ಒಂದೂ ಬೇಡ. ವೀರಗಲ್ಲು ಕೆತ್ತಿದ ಶಿಲ್ಪಿ ಕೂಡ ಎಷ್ಟೋ ಕಡೆ ತನ್ನ ಹೆಸರು ಹಾಕಿಕೊಂಡಿಲ್ಲ.

ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ, ಇಲಾಖೆಯವರಿಗೆ ಇಷ್ಟ ಆಗದೇ ಇರಬಹುದು. ಗೌರವ ಕೊಡುವುದು ಅಂದರೆ ಪ್ರಶ್ನೆ ಕೇಳದೇ ಇರುವುದು ಅಂತ ಅಲ್ಲ. ಅವತ್ತು ಖುಕ್ರಿ ನಿಧಾನವಾಗಿ ಚಲಿಸುತ್ತಿತ್ತು. ಸೋನಾರ್‌ನ ಶಕ್ತಿ ಹೆಚ್ಚಿಸುವ ಹೊಸ ಉಪಕರಣವೊಂದನ್ನು ಜೋಡಿಸಿದ್ದರು, ಅದಕ್ಕೆ ನಿಧಾನ ಬೇಕಿತ್ತು. ಅದರ ಹಿಂದೆ ಕೆಲಸ ಮಾಡಿದ್ದ ಲೆಫ್ಟಿನೆಂಟ್ ವಿ.ಕೆ. ಜೈನ್ ಅದೇ ಹಡಗಿನಲ್ಲಿದ್ದರು, ಅದರ ಜತೆಗೇ ಹೋದರು. ಹಳೆಯ ಕಿವಿಯ ಹಡಗನ್ನು ಹೊಸ ಕಿವಿಯ ಜಲಾಂತರ್ಗಾಮಿಯ ಎದುರು ಕಳಿಸಿದ್ದು ಸರಿಯಾ ಅಂತ ನೌಕಾಪಡೆಯಲ್ಲೇ ಇದ್ದವರು ವರ್ಷಗಟ್ಟಲೆ ಚರ್ಚೆ ಮಾಡಿದ್ದಾರೆ. ಮಾಡಲಿ. ಹೆಸರು ಓದಿದ ಮೇಲೆ ಮಕ್ಕಳು ‘ಯಾಕೆ ಹಾಗಾಯಿತು’ ಅಂತ ಕೇಳಿದರೆ ಅದನ್ನೂ ಹೇಳೋಣ.

ಇನ್ನೊಂದು. ಡಿಸೆಂಬರ್ 4ರಂದು ನಾವು ಹೊಡೆದಾಗ ಅವರದ್ದೂ ಹಡಗು ಮುಳುಗಿತು. ಖೈಬರ್ ಅಂತ. ಅದರಲ್ಲಿದ್ದ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಿಗೂ ಕತ್ತಲಲ್ಲಿ ಏನು ಬಂದು ಬಡಿಯಿತು ಅಂತ ಗೊತ್ತಾಗಲಿಲ್ಲ. ನಮ್ಮನ್ನು ಮುಳುಗಿಸಿದ ಹಂಗೋರ್ ಈಗ ಕರಾಚಿಯ ಮ್ಯೂಸಿಯಂನಲ್ಲಿ ನಿಂತಿದೆ, ಅಲ್ಲೂ ಮಕ್ಕಳು ಹತ್ತಿ ಇಳಿಯುತ್ತಾರೆ. ದಿಯುವಿನಲ್ಲಿ ಖುಕ್ರಿ, ಕರಾಚಿಯಲ್ಲಿ ಹಂಗೋರ್. ನಡುವೆ ಇರುವುದು ಅದೇ ಸಮುದ್ರ. ಇದನ್ನು ಹೇಳಿದ್ದಕ್ಕೆ ನನ್ನನ್ನು ಯಾರಾದರೂ ಬೈಯಬಹುದು. ಬೈಯಲಿ, ನಮ್ಮ 194 ಜನರ ಹೆಸರು ಓದಿಸಿ ಆಮೇಲೆ ಬೈಯಲಿ.

ಪತ್ರ ಉದ್ದವಾಯಿತು. ಈ ಪತ್ರವನ್ನು ಇಲಾಖೆಯ ವಿಳಾಸಕ್ಕೆ ಅಂಚೆಯಲ್ಲೂ ಕಳಿಸಿದ್ದೇನೆ. ಪಟ್ಟಿ ಬಂದರೆ ಒಂದೇ ರಾತ್ರಿಯಲ್ಲಿ ಟೈಪ್ ಮಾಡಿ, ಎರಡು ಸಲ ಕರಡು ತಿದ್ದಿ, ಅಂಗಡಿಯ ಬಾಗಿಲಿಗೆ ಅಂಟಿಸುತ್ತೇನೆ. ಸರ್ಕಾರ ಕಲ್ಲು ನೆಡುವವರೆಗೆ ಅಲ್ಲೇ ಇರಲಿ.

ಇಂತಿ,
ಕಾರವಾರದ ಒಬ್ಬ ಡಿಟಿಪಿ ಅಂಗಡಿಯವನು

ಮರೆತ ಮಾತು: ಓದುವಾಗ ಹೆಸರಿನ ಉಚ್ಚಾರ ತಪ್ಪಬಾರದು. ಬಂಗಾಳಿ ಹೆಸರು, ಮಲಯಾಳಿ ಹೆಸರು, ಸಿಖ್ಖರ ಹೆಸರು ನಮ್ಮ ಬಾಯಲ್ಲಿ ಏನೇನೋ ಆಗುತ್ತವೆ. ನೌಕಾನೆಲೆಯಲ್ಲಿ ಆ ಎಲ್ಲ ರಾಜ್ಯದ ಹುಡುಗರೂ ಇದ್ದಾರೆ. ಹಿಂದಿನ ದಿನ ಅವರಲ್ಲಿ ನಾಲ್ಕು ಜನರನ್ನು ಒಂದು ಗಂಟೆಗೆ ನನ್ನ ಅಂಗಡಿಗೆ ಕಳಿಸಿಕೊಡಿ. ಪ್ರತಿ ಹೆಸರನ್ನೂ ಅವರ ಬಾಯಿಂದ ಕೇಳಿಸಿಕೊಂಡು ದೀರ್ಘ, ಒತ್ತು ಎಲ್ಲ ಸರಿಮಾಡಿಕೊಳ್ಳುತ್ತೇನೆ. ಚಹಾ ನನ್ನದು.